ಏಳು ಮೈಲಿ ನಡೆದು ಬರುವವನ ಹಾಜರಿ

ಇದನ್ನು ಹೇಳಲು ನಾನು ತುಂಬ ತಡಮಾಡಿದ್ದೇನೆ. ಹೆಂಡತಿ ಬದುಕಿದ್ದಾಗ ಅವಳಿಗಾದರೂ ಹೇಳಬಹುದಿತ್ತು; ಎರಡು ಸಲ ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಮೊಮ್ಮಕ್ಕಳು ಹಳೆಯ ಕಾಲೇಜಿನ ಸುದ್ದಿ ಕೇಳಿದರೆ ವಾಲಿಬಾಲಿನ ನಾಲ್ಕು ಮಾತು ಹೇಳಿ ಎದ್ದುಬಿಡುತ್ತೇನೆ. ಈಗ ಕೈ ನಡುಗಲು ಸುರುವಾಗಿದೆ. ಇನ್ನೂ ಕಾದರೆ ಬರೆಯುವುದಕ್ಕೇ ಆಗಲಿಕ್ಕಿಲ್ಲ.

ನಾನು ಕಾಲೇಜಿನಲ್ಲಿ ಓದಿದವನಲ್ಲ. ಹೈಸ್ಕೂಲು ಮುಗಿದ ಮೇಲೆ ಮುಂದೆ ಓದಿಸುವ ಅನುಕೂಲ ಮನೆಯಲ್ಲಿರಲಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಪುತ್ತೂರಿನ ಒಂದು ಕಾಲೇಜಿನ ವ್ಯಾಯಾಮ ವಿಭಾಗಕ್ಕೆ ಅಟೆಂಡರನಾಗಿ ಸೇರಿದೆ. ಚೆಂಡಿಗೆ ಗಾಳಿ ತುಂಬುವುದು, ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು, ಸಂಜೆ ಡ್ರಿಲ್ಲಿಗೆ ಬಂದವರ ಹಾಜರಿ ಹಾಕುವುದು ನನ್ನ ಕೆಲಸ. ಆಗ ನನಗೆ ಇಪ್ಪತ್ತು ವರ್ಷ. ವಿದ್ಯಾರ್ಥಿಗಳಲ್ಲಿ ಕೆಲವರು ನನಗಿಂತ ದೊಡ್ಡವರೇ ಇದ್ದರು.

ಹುಡುಗರು ಕಾಲೇಜಿಗೆ ಬಂದು ಸೇರುವುದೇ ಆಗ ದೊಡ್ಡ ವ್ಯಾಯಾಮ. ಸುಳ್ಯ ಕಡೆಯವರು ಬೆಳಗಿನ ಬಸ್ಸಿನಲ್ಲಿ ಬರುತ್ತಿದ್ದರು, ಒಳಗೆ ಜಾಗ ಇಲ್ಲದಿದ್ದರೆ ಹಿಂದಿನ ಏಣಿಗೆ ಜೋತುಕೊಂಡು. ಕಡಬದ ಕಡೆಯವರಿಗೆ ಮಳೆಗಾಲದಲ್ಲಿ ಹೊಳೆ ದಾಟುವುದು ನಂಬಿಕೆಯ ಮಾತಲ್ಲವಾದ್ದರಿಂದ ಪೇಟೆಯಲ್ಲಿ ಕೋಣೆ ಹಿಡಿದು, ಮೂರು ನಾಲ್ಕು ಮಂದಿ ಒಟ್ಟಿಗೆ ಗಂಜಿ ಬೇಯಿಸಿಕೊಂಡಿದ್ದರು. ಸೈಕಲ್ ಇದ್ದವರು ಬೆರಳೆಣಿಕೆಯವರು. ಏರುದಾರಿಯಲ್ಲಿ ಅದನ್ನು ದೂಡಿಕೊಂಡು ಬಂದು, ಗೇಟು ಕಂಡ ಕೂಡಲೇ ಹತ್ತಿ ಕುಳಿತು ಗಂಟೆ ಬಾರಿಸುತ್ತಿದ್ದರು.

ಒಬ್ಬ ಮಾತ್ರ ಸವಣೂರಿನ ದಾರಿಯಿಂದ ನಡೆದೇ ಬರುತ್ತಿದ್ದ. ಪಿ.ಯು.ಸಿ.ಗೆ ಸೇರಿದ ತೆಳ್ಳಗಿನ ಹುಡುಗ. ಗುಡ್ಡದ ಒಳದಾರಿ ಹಿಡಿದರೂ ಮನೆಯಿಂದ ಏಳು ಮೈಲಿ. ಬರುವಾಗ ಏಳು, ಹೋಗುವಾಗ ಏಳು. ನಾಲ್ಕು ಗಂಟೆಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದ. ಆದರೆ ಡ್ರಿಲ್ ಸುರುವಾಗುವುದೇ ನಾಲ್ಕೂವರೆಗೆ. ಅದರಲ್ಲಿ ಮುಕ್ಕಾಲು ಪಾಲು ಹಾಜರಿ ಇಲ್ಲದವನನ್ನು ವಿಶ್ವವಿದ್ಯಾಲಯದ ಪರೀಕ್ಷೆಗೆ ಕಳಿಸುವ ಹಾಗಿರಲಿಲ್ಲ.

ನಮ್ಮ ವ್ಯಾಯಾಮದ ಮಾಸ್ತರರು ಸೈನ್ಯದ ಪಟಾಲಮಿನಲ್ಲಿ ಇದ್ದು ಬಂದವರು, ಸುಳ್ಯ ಕಡೆಯ ಅರೆಭಾಷೆ ಮಾತಾಡುವ ಮನೆಯವರು. ಜೂನ್ ತಿಂಗಳಲ್ಲಿ ಆ ಹುಡುಗ ಬಂದು ತನ್ನ ಕಷ್ಟ ಹೇಳಿದಾಗ ಅವರು ಅವನ ಕಾಲು ನೋಡಿದರು. ಮೊಣಕಾಲಿನವರೆಗೆ ಕೆಂಪು ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಆಮೇಲೆ ನನ್ನ ಕಡೆ ತಿರುಗಿದರು.

"ಇವ ಬೆಳಿಗ್ಗೆಯೇ ಡ್ರಿಲ್ ಮುಗಿಸಿ ಬಂದಾಗಿದೆ ಮಾರಾಯ. ಇನ್ನು ಇವನನ್ನು ಓಡಿಸುದು ಎಂತಕ್ಕೆ?"

ಅಂದಿನಿಂದ ಒಂದು ಪದ್ಧತಿ ಆಯಿತು. ಮೂರು ಮೈಲಿಗಿಂತ ಹೆಚ್ಚು ನಡೆದು ಬರುವವನ ಹೆಸರಿನ ಮುಂದೆ ನಾನು ಹಾಜರಿಯ ಗೀಟಿನ ಬದಲು ಕೆಂಪು ಶಾಯಿಯಲ್ಲಿ ಒಂದು ಸೊನ್ನೆ ಬರೆಯಬೇಕು. ವರ್ಷದ ಕೊನೆಗೆ ಮಾಸ್ತರರು ಅದನ್ನು ಹಾಜರಿ ಎಂದೇ ಲೆಕ್ಕ ಹಿಡಿಯುತ್ತಾರೆ. ಇದು ಬಾಯಿಮಾತು. ಎಲ್ಲಿಯೂ ಬರೆದಿಡಲಿಲ್ಲ. ಗೊತ್ತಿದ್ದದ್ದು ಮಾಸ್ತರರಿಗೆ, ಆ ಹುಡುಗನಿಗೆ ಮತ್ತು ನನಗೆ.

ತಪ್ಪು ಸುರುವಾದದ್ದು ಅಲ್ಲಿಂದ. ಪೇಟೆಯ ಕೋಣೆಯಲ್ಲಿದ್ದ ನಾಲ್ಕು ಮಂದಿ ಒಳ್ಳೆಯ ವಾಲಿಬಾಲ್ ಆಟಗಾರರಿದ್ದರು. ಅವರಿಗೆ ಡ್ರಿಲ್ ಎಂದರೆ ಬೇಸರ. ನಾಲ್ಕು ಗಂಟೆಗೆ ಕ್ಲಾಸು ಬಿಟ್ಟ ಕೂಡಲೇ ಹಿತ್ತಲಿನ ಕೋರ್ಟಿನಲ್ಲಿ ಆಡಲು ಒಬ್ಬ ಕಡಿಮೆ ಬಿದ್ದಾಗ ನನ್ನನ್ನು ಕರೆದರು. ಮರುದಿನವೂ ಕರೆದರು. ನಾಲ್ಕೂವರೆಗೆ ಓಡಿ ಹೋಗಿ ಡ್ರಿಲ್ಲಿನ ಹಾಜರಿ ಹಾಕಿ ಬಂದು ಮತ್ತೆ ಆಡುತ್ತಿದ್ದೆ. ಆಟ ಮುಗಿದ ಮೇಲೆ ಹೆಗಲಿಗೆ ಕೈ ಹಾಕಿ ಹೋಟೆಲಿಗೆ ಕರೆದುಕೊಂಡು ಹೋಗುವರು. ಹೊಸಬರು ಯಾರಾದರೂ ನನ್ನನ್ನು ಯಾವ ಕ್ಲಾಸು ಎಂದು ಕೇಳಿದರೆ ನನಗೆ ಆ ದಿನವೆಲ್ಲ ಖುಷಿ. ಅವರು ಬಾಯಿಬಿಟ್ಟು ಕೇಳಲಿಲ್ಲ, ನಾನೇ ಅವರ ಹೆಸರಿನ ಮುಂದೆಯೂ ಕೆಂಪು ಸೊನ್ನೆ ಬರೆಯತೊಡಗಿದೆ. ಗೀಟು ಹಾಕಿದರೆ ಡ್ರಿಲ್ಲಿನ ಸಾಲಿನಲ್ಲಿ ಅವರು ಇಲ್ಲದ್ದು ಮಾಸ್ತರರಿಗೆ ತಿಳಿಯುತ್ತಿತ್ತು. ಸೊನ್ನೆ ಯಾರದೆಂದು ಅವರು ದಿನಾ ನೋಡುತ್ತಿರಲಿಲ್ಲ, ನನ್ನನ್ನು ನಂಬಿದ್ದರು.

ದೀಪಾವಳಿ ರಜೆಗೆ ಊರಿಗೆ ಹೋದ ಮಾಸ್ತರರು ಹಿಂದಿರುಗಲಿಲ್ಲ. ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡರೆಂದು ಸುದ್ದಿ ಬಂತು. ಜನವರಿಯಲ್ಲಿ ಹೊಸ ಮಾಸ್ತರರು ಬಂದರು, ತರಬೇತಿ ಮುಗಿಸಿ ನೇರ ಬಂದ ಯುವಕ. ಹಾಜರಿ ಪುಸ್ತಕ ಬಿಡಿಸಿ, ಗೀಟುಗಳನ್ನು ಮಾತ್ರ ಎಣಿಸಿ, ಐದು ಮಂದಿಗೆ ಹಾಜರಿ ಸಾಲದು ಎಂದರು. ಈ ಸೊನ್ನೆ ಎಂತದ್ದು ಎಂದು ನನ್ನನ್ನು ಕೇಳಿದರು. ಐದರಲ್ಲಿ ಒಂದು ಸಾಲು ನಿಜ, ನಾಲ್ಕು ಸಾಲು ಸುಳ್ಳು. ನಿಜವಾದದ್ದನ್ನು ಹೇಳಿದರೆ ಸುಳ್ಳಿನ ನಾಲ್ಕೂ ಹೊರಗೆ ಬರುತ್ತವೆ, ನನ್ನ ಕೆಲಸ ಹೋಗುತ್ತದೆ. ಬಾರದವರಿಗೆ ಹಾಗೆ ಬರೆಯುವುದು ಎಂದೆ.

ಅವರು ಕೆಟ್ಟವರಲ್ಲ. ಒಂದೂವರೆ ತಿಂಗಳು ಬೆಳಿಗ್ಗೆ ಏಳಕ್ಕೆ ಮತ್ತು ಸಂಜೆ, ಎರಡು ಹೊತ್ತು ಡ್ರಿಲ್ಲಿಗೆ ಬಂದರೆ ಸರಿಮಾಡಿಕೊಡುತ್ತೇನೆ ಎಂದರು. ನಾಲ್ವರಿಗೆ ಕೋಣೆ ಹತ್ತಿರವೇ ಇತ್ತು. ಕಣ್ಣುಜ್ಜಿಕೊಂಡು ಬಂದು ಮುಗಿಸಿದರು. ನಡೆದು ಬರುವವನೂ ಬಂದ. ಕತ್ತಲಿರುವಾಗಲೇ ತೆಂಗಿನ ಗರಿಯ ಸೂಟೆ ಉರಿಸಿ ಹಿಡಿದು ಮನೆ ಬಿಡುತ್ತಿದ್ದನಂತೆ. ಏಳು ಮೈಲಿ ನಡೆದವನನ್ನು ಮೈದಾನಕ್ಕೆ ಆರು ಸುತ್ತು ಓಡಿಸುವುದು, ಸಂಜೆ ಇನ್ನೂ ಆರು. ಸುತ್ತು ಎಣಿಸಲು ಸೀಟಿ ಹಿಡಿದು ನಿಂತವನು ನಾನು. ನನ್ನ ಮುಂದಿನಿಂದ ಹೋಗುವಾಗಲೆಲ್ಲ ಅವನು ಒಂದು ಸಲ ನನ್ನ ಮುಖ ನೋಡುತ್ತಿದ್ದ. ನಾನು ನಿಜ ಹೇಳಿಯೇ ಹೇಳುತ್ತೇನೆಂದು ಅವನು ಕಾಯುತ್ತಿದ್ದನೆಂದು ಈಗ ಅನಿಸುತ್ತದೆ. ಹನ್ನೊಂದನೆಯ ದಿನ ಐದನೆಯ ಸುತ್ತಿನಲ್ಲಿ ಕುಸಿದು ಕುಳಿತ. ಪಾದ ಒಡೆದು ಕೀವಾಗಿತ್ತು. ಎರಡು ವಾರ ಬರಲಿಲ್ಲ.

ಬಂದವನು ನೇರ ಪ್ರಾಂಶುಪಾಲರ ಹತ್ತಿರ ಹೋಗಿ ಹಿಂದಿನ ಮಾಸ್ತರರು ಮಾಡಿಕೊಟ್ಟ ಅನುಕೂಲ ಹೇಳಿದ. ಸಾಕ್ಷಿಗೆ ನನ್ನನ್ನು ಕರೆಸಿದರು. ಅವನು ಮೇಜಿನ ಆಚೆ ನಿಂತಿದ್ದ, ಪಾದಕ್ಕೆ ಹಳೆಯ ಪಂಚೆಯ ಪಟ್ಟಿ ಕಟ್ಟಿತ್ತು.

"ಹಾಗೆ ಒಂದು ವ್ಯವಸ್ಥೆ ಇತ್ತೋ?" ಎಂದು ಪ್ರಾಂಶುಪಾಲರು ಕೇಳಿದರು.

"ನನಗೆ ಗೊತ್ತಿಲ್ಲ ಸರ್."

ಪ್ರಾಂಶುಪಾಲರು ಹುಡುಗನ ಕಡೆ ತಿರುಗಿದರು. ಅವನು ಮೆಲ್ಲಗೆ ಹೇಳಿದ.

"ಈ ಅಣ್ಣನಿಗೆ ಮರೆತು ಹೋಗಿರಬೇಕು ಸರ್. ತುಂಬ ತಿಂಗಳಾಯ್ತಲ್ಲ."

ಅವನು ನನಗೆ ದಾರಿ ಮಾಡಿಕೊಟ್ಟಿದ್ದ. ಹೌದು, ಈಗ ನೆನಪಾಯಿತು ಎಂದರೆ ಸಾಕಿತ್ತು. ನಾನು ನೆಲ ನೋಡುತ್ತ ನಿಂತೆ. ಪ್ರಾಂಶುಪಾಲರು ಹೋಗು ಎಂದರು, ಹೋದೆ. ಅವನು ಪರೀಕ್ಷೆಗೆ ಕೂರಲಿಲ್ಲ. ಜೂನ್‌ನಲ್ಲಿ ಮತ್ತೆ ಸೇರುತ್ತಾನೇನೋ ಎಂದು ದಿನಾ ಗೇಟು ನೋಡುತ್ತಿದ್ದೆ, ಬರಲಿಲ್ಲ. ನಾನು ಆ ವರ್ಷವೂ ವಾಲಿಬಾಲ್ ಆಡಿದೆ. ಅದನ್ನೂ ಹೇಳಬೇಕು.

ನಾಲ್ಕೈದು ವರ್ಷ ಕಳೆದ ಮೇಲೆ ಯಾವುದೋ ಕೆಲಸಕ್ಕೆ ಕಡಬಕ್ಕೆ ಹೋದಾಗ ಅವನು ಸಿಕ್ಕಿದ. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ. ನಾನು ತಪ್ಪಿಸಿಕೊಳ್ಳುವ ಮೊದಲೇ ಕರೆದು, ಎದುರಿನ ಹೋಟೆಲಿನಲ್ಲಿ ಕೂರಿಸಿ ಚಹಾ ಹೇಳಿದ. ಅಂದು ಎಲ್ಲಿಂದ ಧೈರ್ಯ ಬಂತೋ, ಸುಳ್ಳು ಸೊನ್ನೆಗಳಿಂದ ಹಿಡಿದು ಎಲ್ಲವನ್ನೂ ಹೇಳಿದೆ, ತಪ್ಪಾಯಿತು ಎಂದೆ. ಅವನು ಚಹಾದ ಮೇಲಿನ ಕೆನೆಯನ್ನು ಬೆರಳಿನಿಂದ ತೆಗೆದು ಬದಿಗಿಟ್ಟ.

"ನಾನು ನಾಲ್ಕು ಗಂಟೆಗೆ ಹೋಗುವಾಗ ನೀವು ಆಡುದು ದಿನಾ ಕಾಣ್ತಿತ್ತಲ್ಲ ಅಣ್ಣ. ಯಾರ ಒಟ್ಟಿಗೆ ಅಂತಲೂ ಗೊತ್ತುಂಟು," ಎಂದ. ಸ್ವಲ್ಪ ನಕ್ಕ. "ನನ್ನದು ಬಿಡಿ. ನಾನು ಓದುದರಲ್ಲಿ ಅಷ್ಟಕ್ಕಷ್ಟೇ ಇದ್ದೆ. ಓದುವವಳು ತಂಗಿ."

ಆಗ ಗೊತ್ತಾಯಿತು. ಅವನಿಗೊಬ್ಬಳು ತಂಗಿ. ಅದೇ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ದರ್ಜೆ ಬಂದಿತ್ತಂತೆ. ಅಣ್ಣನ ಒಟ್ಟಿಗೆ ನಡೆದು ಹೋಗುವುದಾದರೆ ಕಾಲೇಜಿಗೆ ಹೋಗಲಿ ಎಂದು ತಂದೆ ಒಪ್ಪಿಯೂ ಆಗಿತ್ತು. ಬೇಸಗೆ ರಜೆಯಲ್ಲಿ ಅಭ್ಯಾಸವಾಗಲೆಂದು ಅವಳು ದಿನಾ ಗುಡ್ಡ ಹತ್ತಿ ಇಳಿಯುತ್ತಿದ್ದಳಂತೆ. ಅಣ್ಣನ ಒಂದು ವರ್ಷ ಹಾಳಾದದ್ದನ್ನು ನೋಡಿ ತಂದೆ ಅವನನ್ನು ಬಿಡಿಸಿದರು. ಮತ್ತೆ ಏಳು ಮೈಲಿ ಗುಡ್ಡದ ದಾರಿಯಲ್ಲಿ ಅವಳ ಒಟ್ಟಿಗೆ ನಡೆಯುವವರು ಯಾರೂ ಇರಲಿಲ್ಲ. ಅಲ್ಲಿಗೆ ಅವಳ ಓದು ನಿಂತಿತು.

"ಅವಳಿಗೆ ಹೇಳಿ," ಎಂದ ಅವನು. ಸಿಟ್ಟಿನಿಂದ ಹೇಳಿದ್ದಲ್ಲ. ಅರಂತೋಡಿಗೆ ಮದುವೆ ಮಾಡಿಕೊಟ್ಟದ್ದು, ರಸ್ತೆಯಿಂದ ಮೇಲೆ ಹತ್ತಿದರೆ ಎರಡನೆಯ ಮನೆ ಎಂದು ಗುರುತನ್ನೂ ಕೊಟ್ಟ.

ಆ ರಸ್ತೆಯಲ್ಲಿ ಮಡಿಕೇರಿಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಅರಂತೋಡಿನಲ್ಲಿ ಬಸ್ಸು ನಿಲ್ಲುತ್ತದೆ. ಒಂದು ಸಲ ಮೆಟ್ಟಿಲವರೆಗೆ ಬಂದು, ಕಂಡಕ್ಟರ್ ಇಳಿಯುದಾ ಎಂದು ಕೇಳಿದಾಗ, ಇಲ್ಲ ಎಂದು ಮರಳಿ ಕೂತೆ. ಅಣ್ಣನ ಮುಖವನ್ನಾದರೂ ನಾನು ಮೈದಾನದಲ್ಲಿ ದಿನಾ ನೋಡಿದ್ದೆ. ಇವಳನ್ನು ಒಮ್ಮೆಯೂ ನೋಡಿದವನಲ್ಲ. ಎದುರು ನಿಂತು ಯಾರೆಂದು ಹೇಳಿಕೊಳ್ಳುವುದು ಎಂದು ಪ್ರತಿ ಸಲ ನನಗೆ ನಾನೇ ನೆವ ಹೇಳಿಕೊಂಡೆ. ನಾನು ಕ್ಷಮೆ ಕೇಳದೇ ಉಳಿದದ್ದು ಅವಳಲ್ಲಿ, ಕಾಲೇಜಿಗೆ ನಡೆಯಲು ಒಂದು ಬೇಸಗೆಯೆಲ್ಲ ಗುಡ್ಡ ಹತ್ತಿ ಇಳಿದ ಅವನ ತಂಗಿಯಲ್ಲಿ.