ತಗಡಿನ ಡಬ್ಬಿಯ ಮೇಲೆ ಇಟಲಿ

ಬಿಸಿ ಜೋಳದ ಹಿಟ್ಟಿನ ವಾಸನೆ ಬಂದರೆ ನಿಮಗೆ ರೊಟ್ಟಿ ನೆನಪಾಗಬಹುದು. ನನಗೆ ಇಟಲಿ ನೆನಪಾಗುತ್ತದೆ. ನಗಬೇಡಿ, ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಮಸ್ಕಿಯಲ್ಲಿ ಹಿಟ್ಟಿನ ಗಿರಣಿ ಹಿಡಿದವನಿಗೂ ಒಂದು ದೇಶ ನೆನಪಾಗುವ ಹಕ್ಕಿದೆ.

ತಂಗಿ ಶಾಂತಾ ದಿನಾ ಲಿಂಗಸುಗೂರಿಗೆ ಹೋಗಿಬರುವ ನರ್ಸು. ಇಟಲಿಯಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಬೇಕೆಂದು ಹೋದ ವರ್ಷ ಫೋನಿನಲ್ಲೇ ಆ ಭಾಷೆ ಕಲಿಯತೊಡಗಿದಳು. ಮನೆಯಲ್ಲಿ ಟಿವಿಯ ಗದ್ದಲ. ಗಿರಣಿಯಲ್ಲಿ ಅದಕ್ಕಿಂತ ದೊಡ್ಡ ಗದ್ದಲ, ಆದರೆ ಎಷ್ಟು ಕೂಗಿದರೂ ಬೈಯುವವರಿಲ್ಲ. ಅಲ್ಲೇ ಬಂದು ಕೂತಳು. ಕಾಳು ಸರಾಗ ಇಳಿಯಲೆಂದು ನಾನು ಗಿರಣಿಯ ಮೇಲಿನ, ಕಾಳು ಸುರಿಯುವ ತಗಡಿನ ಡಬ್ಬಿಗೆ ಕಟ್ಟಿಗೆಯಿಂದ ಬಡಿಯುತ್ತಿದ್ದೆ.

"ಅಣ್ಣಾ, ಒಂದ ಸಮ ಬಡೀಬ್ಯಾಡೋ. ಮಾತಿನ ಒಂದೊಂದು ತುಂಡಿಗೆ ಒಂದೊಂದು ಪೆಟ್ಟು. ನಾ ಒತ್ತಿ ಹೇಳಿದಲ್ಲಿ ಜೋರ್ ಹಾಕು."

ಪಾರ್-ಲ-ನೊ: ಅವರು ಮಾತಾಡುತ್ತಾರೆ, ಜೋರು ಮೊದಲಿಗೆ. ಪರ್-ಲ್ಯಾ-ಮೊ: ನಾವು ಮಾತಾಡುತ್ತೇವೆ, ಜೋರು ನಡುವೆ. ಪರ್-ಲೆ-ರೋ: ಮುಂದೆ ನಾನು ಮಾತಾಡುವೆ, ಜೋರು ಕೊನೆಗೆ. ಮಾತಾಡುವವರು ಬದಲಾದರೆ ಪೆಟ್ಟಿನ ಜಾಗವೂ ಬದಲು. ನಮ್ಮ ಮಾತಿಗೆ ಈ ರಗಳೆಯಿಲ್ಲ. ಆದರೂ ನನ್ನ ಕೈಗೆ ಬೇಗ ಹತ್ತಿತು.

ಹಿಟ್ಟಿಗೆ ಕಾದು ಕೂತವರ ಕಿವಿಗೂ ಹತ್ತಿತು. "ಏನಬೇ ಶಾಂತಾ, ಜ್ವಾಳಕ್ಕ ಮಂತ್ರ ಹಾಕಾಕತ್ತೀಯೇನು?" ಎಂದಳು ನಮ್ಮ ಓಣಿಯ ಗಂಗಮ್ಮ. ಅಷ್ಟಕ್ಕೆ ಬಿಡಬಹುದಿತ್ತು. ನಾನು ಮೋಟರು ಬಂದ್ ಮಾಡಿ, ತಲೆಗೆ ಚೀಲ ಹೊದ್ದು, ಸೊಂಟ ತಿರುಗಿಸಿ "ಪಾರ್-ಲ-ನೊ" ಎಂದು ಕುಣಿದೆ. "ಇಟಲಿ ದೊರೆಸಾನಿ ಬಂದಾಳ, ದಾರಿ ಬಿಡ್ರಿ!" ಗಿರಣಿಗೆ ಗಿರಣಿಯೇ ನಕ್ಕಿತು. ಓದಿದ ತಂಗಿಗಿಂತ ಒಂದು ಗಳಿಗೆ ಎತ್ತರ ನಿಂತ ಸುಖ ನನಗೆ. ಅವಳು ಎದ್ದು ಹೋದಳು.

ಆಮೇಲೆ ತುಟಿ ಬಿಚ್ಚದೆ ಓದಿದಳು. ಬರೆಯುವ ಪರೀಕ್ಷೆ ಪಾಸು, ಮಾತಿನ ಪರೀಕ್ಷೆ ಫೇಲು. "ನಾಲ್ಗಿನ ಏಳಲಿಲ್ಲ ಅಣ್ಣಾ. ಎದುರಿಗೆ ನೀವೆಲ್ಲಾ ಕುಂತು ನಕ್ಕಂಗಾತು," ಎಂದಳಷ್ಟೆ. ಗಂಗಮ್ಮ "ಪಾಪ, ಹಣೇಬರ" ಎಂದು ಲೊಚಗುಟ್ಟಿದಳು. ಹಣೆಯಲ್ಲಿ ಬರೆದವನು ಗಿರಣಿಯಲ್ಲೇ ನಿಂತಿದ್ದ. ಅವನು ಗಂಗಮ್ಮನ ಹಿಟ್ಟು ತೂಗಿ ಕೊಟ್ಟ.

ನಾಳೆ ಮತ್ತೆ ಅವಳಿಗೆ ಅದೇ ಮಾತಿನ ಪರೀಕ್ಷೆ. ಇವತ್ತು ಜೋಳದ ಚೀಲ ಹಿಡಿದು ಬಂದು ಬಾಗಿಲಲ್ಲೇ ನಿಂತಳು. ಗಂಗಮ್ಮನೂ ಇದ್ದಳು. ನಾನು ಕಟ್ಟಿಗೆ ಎತ್ತಿಕೊಂಡು, ಕುಣಿಯದೆ, ಗಟ್ಟಿಯಾಗಿ ಬಡಿಯುತ್ತ ಶುರುಮಾಡಿದೆ: "ಪಾರ್-ಲ-ನೊ."

"ಅಯ್ಯ, ಅಣ್ಣಗೂ ಹಿಡೀತಲ್ಲಬೇ ಇಟಲಿ!" ಗಂಗಮ್ಮ ಬಿದ್ದು ಬಿದ್ದು ನಕ್ಕಳು.

"ನಗ್ರಿ ಚಿಗವ್ವಾ. ಈ ಸಲ ನನ್ನ ನೋಡಿ ನಗ್ರಿ," ಎಂದೆ. ಮುಖದ ತುಂಬ ಹಿಟ್ಟಿದ್ದದ್ದು ಒಳ್ಳೆಯದಾಯಿತು. ಆದರೆ ಗಾಬರಿಗೆ "ಪರ್-ಲೆ-ರೋ"ಗೆ ಜೋರು ಪೆಟ್ಟು ಮೊದಲಿಗೇ ಬಿತ್ತು.

"ತಪ್ಪು. ತಾ ಇಲ್ಲೆ," ಶಾಂತಾ ಒಳಗೆ ಬಂದು ಕಟ್ಟಿಗೆ ಕಸಿದುಕೊಂಡಳು. ಮೋಟರಿಗಿಂತ ಜೋರಾಗಿ ಕೂಗಿದಳು: "ಪರ್-ಲೆ-ರೋ!" ಕೊನೆಯ ಪೆಟ್ಟಿಗೆ ತಗಡು ನೆಗ್ಗಿತು. ಡಬ್ಬಿಗೆ ಅಂಟಿಕೊಂಡಿದ್ದ ಕಾಳೆಲ್ಲ ಒಮ್ಮೆಲೇ ಇಳಿಯಿತು.