ಅಪ್ಪನ ಬಾಗಿಲಿಗೆ ಕಟ್ಟಿದ ಬೋರ್ಡು

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಮುಂಬೈಯ ಮಲಾಡ್‌ನ ತರಬೇತಿ ಕೇಂದ್ರವೊಂದರಲ್ಲಿ, ಹೊಲಿಗೆ, ವೈರಿಂಗ್ ಕಲಿತ ಯುವಜನರಿಗೆ ಸ್ವಂತ ಉದ್ಯಮ ಆರಂಭಿಸುವ ಬಗೆಯನ್ನು ಬೋಧಿಸುತ್ತೇನೆ. ನಾನು ಯಾವ ಉದ್ಯಮವನ್ನೂ ನಡೆಸಿದವನಲ್ಲ. ಹನ್ನೊಂದು ತಿಂಗಳ ಗುತ್ತಿಗೆಯ ಮೇಲಿರುವವನು. ತರಬೇತಿ ಮುಗಿಸಿದ ಪ್ರತಿಯೊಬ್ಬರೂ ನೌಕರಿಗೆ ಸೇರಿರಬೇಕು, ಇಲ್ಲವೇ ಸ್ವಂತ ಅಂಗಡಿಯ ಬೋರ್ಡಿನ ಕೆಳಗೆ ನಿಂತ ಫೋಟೋ ಕೊಡಬೇಕು. ಒಂದು ಫೋಟೋ ಕಡಿಮೆಯಾದರೂ ನನ್ನ ಗುತ್ತಿಗೆ ಮುಂದುವರಿಯುವುದಿಲ್ಲ.

ಕಳೆದ ತಂಡದಲ್ಲಿ ಒಬ್ಬಳ ಫೋಟೋ ಮಾತ್ರ ಬಾಕಿಯಿತ್ತು. ಚರ್ಮದ ಚೀಲ ಹೊಲಿಯಲು ಕಲಿತಿದ್ದ ಆಕೆಗೆ ನೌಕರಿಯೂ ಸಿಕ್ಕಿರಲಿಲ್ಲ, ಅಂಗಡಿಯೂ ಇರಲಿಲ್ಲ. ಧಾರಾವಿಯಲ್ಲಿ ನನ್ನ ಅಪ್ಪನಿಗೆ ಇತ್ತು. ವಿಜಯಪುರದಿಂದ ಬಂದ ಅವರು ಮೂವತ್ತು ವರ್ಷಗಳಿಂದ ಚೀಲ ಹೊಲಿಯುತ್ತಿರುವ ಆ ಕೋಣೆಗೆ ಬೋರ್ಡು ಎಂಬುದೇ ಇರಲಿಲ್ಲ. ಆಕೆಯ ಹೆಸರಿನ ಫ್ಲೆಕ್ಸ್ ಮಾಡಿಸಿ, ಒಂದು ರವಿವಾರ ಆಕೆಯನ್ನು ಅಲ್ಲಿಗೆ ಕರೆದೊಯ್ದೆ.

ಫ್ಲೆಕ್ಸ್ ಕಟ್ಟಲು ಅಪ್ಪನೇ ಸ್ಟೂಲ್ ಹಿಡಿದುಕೊಂಡರು. ಬಳಿಕ ಎಂದಿನಂತೆ ಬಾಗಿಲಲ್ಲಿ ನಿಂತರು.

“ಯಪ್ಪಾ, ಜರಾ ಆಕಡೆ ಸರಿ. ಫೋಟೋದಾಗ ಬರ್ತಿ,” ಎಂದೆ.

“ನನ್ನ ಬಾಗಲದಾಗ ನಾ ನಿಂದ್ರಬಾರದೇನಪಾ, ಸಾಹೇಬಾ?” ಎಂದು ನಕ್ಕು, ಅಪ್ಪ ಎದುರಿನ ಗೋಡೆಯ ಬಳಿ ಹೋಗಿ ನಿಂತರು.

ಫೋಟೋ ತೆಗೆದಾಯಿತು. ಆಕೆ ಮಾತ್ರ ಕದಲಲಿಲ್ಲ.

“ಸರ್, ಫೋಟೋ ತೋ ಆಯ್ತು. ನಾಳೆಯಿಂದ ನಾನು ಎಲ್ಲಿ ಕೂತ್ಕೊಳ್ಳೋದು?”

ಗ್ರಾಹಕರನ್ನು ಮಾತನಾಡಿಸುವ ರೀತಿಯ ಬಗ್ಗೆ ನಾನು ಎರಡು ದಿನ ಪಾಠ ಮಾಡಿದ್ದೆ. ಎಲ್ಲಿ ಕೂರಬೇಕು ಎಂಬುದು ಆ ಪಾಠದಲ್ಲಿ ಇರಲಿಲ್ಲ. ಅಪ್ಪ ಒಳಗೆ ಹೋಗಿ, ತಮ್ಮ ಚಾಪೆಯ ಮೇಲಿದ್ದ ಚರ್ಮದ ತುಂಡುಗಳನ್ನು ಬದಿಗೆ ಸರಿಸಿದರು.

“ಇಲ್ಲೇ ಕುಂದ್ರ ಬಾ ತಂಗಿ. ಮಾಲಕರು ನಿಂತ್ರ ಹೆಂಗ?”

ಅಂದಿನಿಂದ ಆಕೆ ಅಲ್ಲಿಯೇ ಹೊಲಿಯುತ್ತಿದ್ದಾಳೆ. ಅಧಿಕಾರಿಗಳು ಪರಿಶೀಲನೆಗೆ ಯಾವಾಗ ಬೇಕಾದರೂ ಬರಬಹುದಾದ್ದರಿಂದ ಫ್ಲೆಕ್ಸ್ ಇಳಿಸುವಂತಿರಲಿಲ್ಲ. ಎರಡು ತಿಂಗಳ ನಂತರ ಅಧಿಕಾರಿಯೊಬ್ಬರು ಬಂದರು. ನಾನೇ ದಾರಿ ತೋರಿಸಿದೆ. ಅಂಗಡಿಯಲ್ಲಿ ಕುಳಿತಿದ್ದ ಹಿರಿಯರು ಯಾರೆಂದು ಅವರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಎದ್ದು ನಿಂತು, “ಮೈ ತೋ ಇಧರ್ ಕಾರೀಗರ್ ಹೂಂ, ಸಾಬ್,” ಎಂದರು. ತಮ್ಮದೇ ಅಂಗಡಿಯಲ್ಲಿ ತಾವು ಕೆಲಸದಾಳು ಎಂದರು. ಆಕೆ ಸೂಜಿಯಿಂದ ಕಣ್ಣೆತ್ತಲಿಲ್ಲ. ಅಧಿಕಾರಿ ಬರೆದುಕೊಂಡರು, ಅದರ ಕೆಳಗೆ ನಾನು ಸಹಿ ಮಾಡಿದೆ.

ನನ್ನ ಗುತ್ತಿಗೆ ಮತ್ತೆ ಹನ್ನೊಂದು ತಿಂಗಳು ಮುಂದುವರಿದಿದೆ. ಈ ತಂಡದಲ್ಲಿಯೂ ಚೀಲ ಹೊಲಿಯುವವರು ಇಬ್ಬರಿದ್ದಾರೆ. ಮೊನ್ನೆ ಆಂಟಾಪ್ ಹಿಲ್‌ನ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ಅಪ್ಪ ಕೇಳಿದರು:

“ಹೊಸಾ ಮಾಲಕರು ಯಾವಾಗ ಬರ್ತಾರಪಾ? ಈಗಿನ ಮಾಲಕರು ಹೊಲಿಗಿ ಛಲೋ ಹಾಕ್ತಾರ, ಅವರನ್ನ ಬಿಡಿಸಬ್ಯಾಡ.”

ಫೋಟೋ ಕೊಡಬೇಕಾದ ದಿನಾಂಕವನ್ನು ಕೇಂದ್ರದವರು ಇನ್ನೂ ತಿಳಿಸಿಲ್ಲ ಎಂದೆ.