ಚೇಚಿಯ ಕಡಲ ಸಿನಿಮಾ

ಮೊನ್ನೆ ಸಂಡೂರಿಗೆ ಹೋಗುವಾಗ ಬಸ್ಸು ಪಂಕ್ಚರ್ ಆಯಿತು. ರಸ್ತೆ ಬದಿಯ ಅಂಗಡಿಯಲ್ಲಿ ಟ್ಯೂಬಿಗೆ ತೇಪೆ ಹಾಕಿ ಕಾಯಿಸುತ್ತಿದ್ದರು. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಅದು ಚೇಚಿಯ ಮನೆಯ ವಾಸನೆ.

ನಾನಾಗ ಮದುವೆಯಾಗಿ ಚಿತ್ತವಾಡ್ಗಿಗೆ ಬಂದ ಹೊಸತು. ಪಕ್ಕದ ಮನೆಯಲ್ಲಿ ಕೇರಳದ ಗಂಡ ಹೆಂಡತಿ. ಗಂಡನದು ಅದಿರು ಲಾರಿಗಳ ಟೈರ್ ಅಂಗಡಿ. ಹೆಂಡತಿಯನ್ನು ಓಣಿಯವರೆಲ್ಲ ಅವರ ಭಾಷೆಯಲ್ಲೇ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದೆವು. ಗಂಡನ ಅಂಗಿ ಒಗೆದು ಒಗೆದು ಆಕೆಯ ಕೈಗೂ ಅದೇ ವಾಸನೆ...

ಚೇಚಿಯ ಹತ್ತಿರ ಇದ್ದದ್ದು ಒಂದೇ ಸಿಡಿ. ಹೆಸರಾದ ಕಾದಂಬರಿಯಿಂದ ಮಾಡಿದ ಹಳೆಯ ಮಲಯಾಳಂ ಸಿನಿಮಾ, ಕಡಲ ಬೆಸ್ತರ ಕಥೆ. ಮಧ್ಯಾಹ್ನ ಪಾತ್ರೆ ತೊಳೆದು ಇಬ್ಬರೂ ನೋಡುತ್ತಾ ಕೂರುತ್ತಿದ್ದೆವು. ನಮ್ಮೂರ ಡ್ಯಾಮಿನ ನೀರು ಬಿಟ್ಟರೆ ಬೇರೆ ಕಡಲು ಕಾಣದ ನನಗೆ ಆಕೆ ಒಂದೊಂದೇ ಮಾತನ್ನು ಕನ್ನಡ ಮಾಡಿ ಹೇಳುತ್ತಿದ್ದಳು.

“ಗಂಡ ಕಡಲಿಗೆ ಹೋದಾಗ ಹೆಂಡ್ತಿ ನಿಯತ್ತಿಲೆ ಇರ್ಬೇಕಂತ. ತಪ್ಪಿದ್ರ ಕಡಲು ಅವನ್ನ ನುಂಗ್ತತಂತ,” ಎಂದಳು ಒಮ್ಮೆ. ಆಮೇಲೆ, “ಇದೆಲ್ಲ ಸುಳ್ಳು, ತಂಗಿ. ಗಂಡಸ್ರು ಸಾಯೋದು ಗಾಳಿಗೆ, ನೀರಿಗೆ. ಹೆಂಡ್ತಿ ಏನ್ ಮಾಡ್ತಾಳ?” ಎಂದಳು.

ಮರುದಿನ ನಲ್ಲಿಯ ಹತ್ತಿರ ನೆರೆದ ಹೆಂಗಸರಿಗೆ ಆ ಕಥೆ ಹೇಳಿದೆ. ಒಗ್ಗರಣೆ ಹಾಕಿ ಹೇಳುವುದು ನನ್ನ ಹುಟ್ಟುಗುಣ. ಎಲ್ಲರೂ ಕೊಡ ಬಿಟ್ಟು ಕೇಳಿದರು. ಕಥೆಯ ರುಚಿ ಕೆಡುತ್ತದೆಂದು ಚೇಚಿ ಆಮೇಲೆ ಅಂದದ್ದನ್ನು ಹೇಳಲಿಲ್ಲ.

ಎರಡು ತಿಂಗಳಾಗಿರಬಹುದು. ಲಾರಿ ಟೈರಿಗೆ ಗಾಳಿ ತುಂಬುವಾಗ, ಟೈರನ್ನು ಗಾಲಿಗೆ ಬಿಗಿಹಿಡಿಯುವ ಕಬ್ಬಿಣದ ರಿಂಗ್ ಸಿಡಿದು ಚೇಚಿಯ ಗಂಡನ ಎದೆಗೆ ಬಡಿಯಿತು. ಅಲ್ಲೇ ಹೋದ.

“ಆಕಿ ಸಿನಿಮಾದಾಗ ಐತಲ್ಲ, ಹೆಂಡ್ತಿ ನಿಯತ್ತು ಬಿಟ್ರ ಗಂಡ ಉಳಿಯಂಗಿಲ್ಲಂತ,” ಎಂದಳು ನಲ್ಲಿಯ ಹತ್ತಿರ ಒಬ್ಬಳು. “ಲಾರಿ ಡ್ರೈವರ್‌ಗಳ ಜೋಡಿ ಭಾಳ ನಗ್ತಿದ್ಲು.”

ಅತ್ತೆಯೂ ಅಲ್ಲೇ ಇದ್ದರು. ಹೊಸ ಸೊಸೆ ನಾನು, ಕೊಡ ತುಂಬಿ ಸುರಿಯುತ್ತಿದ್ದರೂ ಬಾಯಿ ಬಿಡಲಿಲ್ಲ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ, ಆಡದೆಯೂ ಹೋಗುತ್ತದೆ.

ಕೇರಳದಿಂದ ಬಂದ ಚೇಚಿಯ ಗಂಡನ ಅಣ್ಣನ ಕಿವಿಗೂ ಆ ಮಾತು ಬಿತ್ತು. ಅವನು ಹೆಣ ತೆಗೆದುಕೊಂಡು ಹೋದ. ಚೇಚಿಯನ್ನು ಗಾಡಿ ಹತ್ತಿಸಲಿಲ್ಲ. ಗಂಡನ ಚಿತೆಯನ್ನೂ ಆಕೆ ಕಾಣಲಿಲ್ಲ.

ಮೂರನೆಯ ದಿನ ಒಂದು ಬ್ಯಾಗು ಹಿಡಿದು ನಮ್ಮ ಬಾಗಿಲಿಗೆ ಬಂದಳು.

“ನಾ ಹೇಳಿದ ಕಡೀ ಮಾತು ಅವ್ರಿಗೆ ಹೇಳ್ಲಿಲ್ಲೇನು, ತಂಗಿ?”

ನಾನು ನೆಲ ನೋಡಿದೆ. ತಲೆ ಎತ್ತುವಷ್ಟರಲ್ಲಿ ಓಣಿಯ ತಿರುವು ದಾಟಿದ್ದಳು. ಎಲ್ಲಿಗೆ ಹೋದಳೋ... ಯಾರಿಗೂ ತಿಳಿಯಲಿಲ್ಲ.

ಮೊನ್ನೆ ಸಂಡೂರಿನಿಂದ ಮನೆಗೆ ಬಂದವಳೇ ಮೊಬೈಲಿನಲ್ಲಿ ಆ ಸಿನಿಮಾ ಹುಡುಕಿ, ಕೊನೆಯವರೆಗೂ ನೋಡಿದೆ. ಗಾಳಿಗೆ, ನೀರಿಗೆ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ಅದು ಚೇಚಿಯ ಸ್ವಂತದ್ದು. ಅದನ್ನು ಕೇಳಿದ್ದವಳು ನಾನೊಬ್ಬಳೇ.